ಮೂರು ಲಕ್ಷದಾಗ ಹಳೇ ಕಾರ್: ನಾಕ್ ಗಾಡಿ ನೋಡಿದ್ವಿ, ಯಾವುದು ಬಿಟ್ವಿ, ಯಾಕ್ ಬಿಟ್ವಿ

ನಮ್ಮ ಅಕ್ಕನ ಮಗ ಗದಗದಾಗ ಇರ್ತಾನ, ಅಲ್ಲೇ ಒಂದ್ ಕಾಲೇಜಿನ್ಯಾಗ ಕೆಲಸ. 2025ರ ದೀಪಾವಳಿ ಮುಗದ ವಾರಕ್ಕ ಫೋನ್ ಮಾಡಿ, ಮಾಮಾ, ಮೂರು ಲಕ್ಷ ಜೋಡಿಸೇನಿ, ಒಂದ್ ಸೆಕೆಂಡ್ ಹ್ಯಾಂಡ್ ಕಾರ್ ನೋಡಿ ಕೊಡು ಅಂದ. ನಮ್ಮ ಮಂದ್ಯಾಗ ಯಾರಿಗ್ ಕಾರ್ ಬೇಕಾದ್ರೂ ಮೊದ್ಲ ಫೋನ್ ಬರೋದು ನನಗ. ನಾನೇನ್ ಮಿಸ್ತ್ರಿ ಅಲ್ಲ, ಹುಬ್ಬಳ್ಳ್ಯಾಗ ಹಾರ್ಡ್‌ವೇರ್ ಅಂಗಡಿ ನಂದು, ಆದ್ರ ಇಲ್ಲಿತನ ಐದ್ ಕಾರ್ ತಗೊಂಡೇನಿ, ಐದೂ ಹಳೇವು, ಅದರಾಗ ಎರಡು ಸಲ ಸರಿಯಾಗೇ ಟೋಪಿ ಹಾಕಿಸ್ಕೊಂಡೇನಿ, ಹಂಗಾಗಿ ಎಲ್ಲೆಲ್ಲಿ ಟೋಪಿ ಹಾಕ್ತಾರ ಅನ್ನೋದು ಒಂದೀಟು ಗೊತ್ತಾಗೇತಿ.

ಅವ ಕೇಳಿದ ಮೊದಲ್ನೇ ಪ್ರಶ್ನಿ ಎಲ್ಲಾರೂ ಕೇಳೋದ. ವ್ಯಾಗನ್ ಆರ್ ಚಲೋನೋ ಸ್ವಿಫ್ಟ್ ಚಲೋನೋ ಐ10 ಚಲೋನೋ. ನಾ ಅಂದೆ, ಹೊಸಾ ಕಾರ್ ಆದ್ರ ಹಂಗ ಕೇಳ್ಬೇಕು, ಹಳೇ ಕಾರ್‌ಗೆ ಕೇಳ್ಬೇಕಾದ್ದು ಅದು ಎಲ್ಲಿ ಬಾಳೇವು ಮಾಡೇತಿ, ಯಾರ ಮನ್ಯಾಗ ಇತ್ತು ಅಂತ. ಹತ್ತ್ ಹನ್ನೆರಡು ವರ್ಷ ಆದ ಮ್ಯಾಲೆ ಒಂದ ಕಂಪನಿಯ ಒಂದ ಮಾಡೆಲ್ಲಿನ ಎರಡು ಗಾಡಿ ಅಣ್ಣತಮ್ಮ ಇರಂಗಿಲ್ಲ, ಒಂದು ಸನ್ಯಾಸಿ ಆಗಿರ್ತೈತಿ, ಇನ್ನೊಂದು ಕುಡುಕ ಆಗಿರ್ತೈತಿ. ಅದನ್ನ ಅವ ಒಪ್ಪಲಿಲ್ಲ, ಯೂಟ್ಯೂಬ್ ನೋಡಿ ಲಿಸ್ಟ್ ಮಾಡ್ಕೊಂಡ್ ಬಂದಿದ್ದ. ಆತು ನಡಿ, ನೋಡೂಣು ಅಂತ ಎರಡು ಐತವಾರ ಸುತ್ತಿದ್ವಿ.

ನೋಡಿದ ನಾಕ್ ಗಾಡಿ ಇವು. ಧಾರವಾಡ ಸಪ್ತಾಪುರದಾಗ ಒಬ್ಬ ರಿಟೈರ್ಡ್ ಮಾಸ್ತರ್ ಹತ್ರ 2014ರ ವ್ಯಾಗನ್ ಆರ್, ಪೆಟ್ರೋಲ್, ಕೆಎ 25, ಹೇಳಿದ ರೇಟ್ 2.85 ಲಕ್ಷ. ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಒಬ್ಬ ಡೀಲರ್ ಹತ್ರ 2013ರ ಸ್ವಿಫ್ಟ್ ಡೀಸೆಲ್, ಕೆಎ 63, 3.10. ಗದಗ ಬೆಟಗೇರಿಯೊಳಗ ಒಬ್ಬ ದಲಾಲಿ ತೋರಿಸಿದ 2012ರ ಐ10, ಕೆಎ 30 ಅಂದ್ರ ಕಾರವಾರ ಪಾಸಿಂಗ್, 2.10. ನಾಕನೇದು ಬ್ಯಾಡಗಿ ಹತ್ರ ಒಂದ್ ಹಳ್ಳ್ಯಾಗ 2008ರ ಮಾರುತಿ 800, ಬರೇ 65 ಸಾವಿರ. ಈ ನಾಕನೇದು ಲಿಸ್ಟಿನ್ಯಾಗ ಯಾಕ ಬಂತು ಅನ್ನೋದನ್ನ ಮೊದ್ಲ ಹೇಳಿಬಿಡ್ತೀನಿ.

ನೆನಪಿನ ಗಾಡಿ

ನಮ್ಮ ಭಾವ ಅಂದ್ರ ಇವರಪ್ಪ ಮೊದಲ ತಗೊಂಡ ಕಾರ್ ಮಾರುತಿ 800, ಬಿಳೇದು, ಕಾರ್ಬೊರೇಟರ್ ಕಾಲದ್ದು. ಚಳಿಗಾಲದಾಗ ಮುಂಜಾನೆ ಚೋಕ್ ಎಳದು ಐದ್ ನಿಮಿಷ ಬಿಡಬೇಕಿತ್ತು, ಇಲ್ಲಾಂದ್ರ ಓಣಿ ಕೊನೀಗೆ ಹೋಗಿ ಬಂದ್ ಬೀಳ್ತಿತ್ತು. ಒಂದ್ ಸಲ ಆರು ಮಂದಿ ಕೂತು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳದು ಗೋಕರ್ಣಕ್ಕ ಹೋಗಿದ್ವಿ, ಬರಬೇಕಾದ್ರ ಘಟ್ಟದ ನಡುವ ಗಾಡಿ ಕಾದು ನಿಂತ್ತು, ಅಕ್ಕ ಬುತ್ತಿಗಿ ಒಯ್ದಿದ್ದ ನೀರಿನ ಕ್ಯಾನ್ ಎಲ್ಲಾ ರೇಡಿಯೇಟರಿಗೆ ಹೋತು. ಈ ಹುಡುಗ ಆಗ ನಾಕ್ ವರ್ಷದಾಂವ, ನನ್ನ ತೊಡಿ ಮ್ಯಾಲೆ ಕೂತಿದ್ದ. ಭಾವ ಈಗಿಲ್ಲ. ಹಂಗಾಗಿ 800 ಅಂದ ಕೂಡ್ಲೆ ಇವನ ಮಾರಿ ಬದಲಾಗ್ತೈತಿ, ನನಗೂ ಗೊತ್ತು.

ಮಾರುತಿ 800 ಬಂದದ್ದು 1983ರ ಡಿಸೆಂಬರ್‌ದಾಗ, ನಿಂತದ್ದು 2014ರಾಗ. 796 ಸಿಸಿ, ಮೂರು ಸಿಲಿಂಡರ್, ನಮ್ಮ ಕಡೆ ಯಾವ ಹಳ್ಳಿ ಗ್ಯಾರೇಜಿನ ಹುಡುಗನೂ ಕಣ್ಣ್ ಮುಚ್ಚಿ ಬಿಚ್ಚಿ ಕೂಡಸ್ತಾನ. ಆದ್ರ ನೋಡ್ರಿ, 2008ರ ಗಾಡಿ ಅಂದ್ರ ಅದರ ಆರ್‌ಸಿ 15 ವರ್ಷಕ್ಕ, ಅಂದ್ರ 2023ಕ್ಕ ಮುಗದಿರ್ತೈತಿ, ಮುಂದ ಆರ್‌ಟಿಒದಾಗ ಫಿಟ್ನೆಸ್ ತೋರಿಸಿ ಐದ್ ಐದ್ ವರ್ಷಕ್ಕ ರಿನ್ಯೂ ಮಾಡಸ್ಬೇಕು, 2022ರ ಏಪ್ರಿಲ್‌ನಿಂದ ಕಾರಿಗೆ ಆ ಫೀನೇ 5000 ಆಗೇತಿ, ಅದರ ಮ್ಯಾಲೆ ಏಜೆಂಟನ ಖರ್ಚು, ಪೇಂಟ್ ಖರ್ಚು ಬ್ಯಾರೆ. ಬ್ಯಾಡಗಿ ಗಾಡಿದು ರಿನ್ಯೂ ಆಗಿರಲಿಲ್ಲ. ಅಂದ್ರ ಕಾಗದದ ಪ್ರಕಾರ ಅದು ರೋಡಿಗೆ ಇಳಿಯಂಗಿಲ್ಲ, ಆಕ್ಸಿಡೆಂಟ್ ಆದ್ರ ಇನ್ಶೂರೆನ್ಸಿನವ್ರು ಕೈ ಎತ್ತಾಕ ಅವರಿಗೆ ಅದ ಸಾಕು. 65 ಸಾವಿರ ಅಂದವ ಇದನ್ನ ಹೇಳಿರಲಿಲ್ಲ, ನಾವು ಸರ್ಕಾರದ ಎಂಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿ ನೋಡಿದಾಗ ಗೊತ್ತಾತು.

ನೆನಪಿಗೆ ಒಂದ್ ಗಾಡಿ ಇಟ್ಕೊಳ್ಳೋದು ತಪ್ಪೇನಲ್ಲ, ಮನ್ಯಾಗ ಇನ್ನೊಂದು ಓಡೋ ಗಾಡಿ ಇದ್ರ ಇಟ್ಕೋರಿ. ದಿನಾ ಹೆಂಡ್ತಿ, ಎರಡು ವರ್ಷದ ಕೂಸು ಕೂಡೋ ಗಾಡಿಗೆ ಏರ್‌ಬ್ಯಾಗೂ ಇಲ್ಲ ಗಟ್ಟಿ ಬ್ರೇಕ್ ಹೊಡದಾಗ ಗಾಲಿ ಜಾಮ್ ಆಗದಂಗ ನೋಡ್ಕೊಳ್ಳೋ ಎಬಿಎಸ್ಸೂ ಇಲ್ಲ ಅಂದ್ರ ನಾ ಬ್ಯಾಡ ಅಂತೀನಿ. ಹುಡುಗ ಅದರ ಸ್ಟೇರಿಂಗ್ ಹಿಡದು ಹತ್ತ್ ನಿಮಿಷ ಸುಮ್ನ ಕೂತಿದ್ದ, ಆಮ್ಯಾಲೆ ತಾನ ಇಳದ.

ರೊಕ್ಕದ ಲೆಕ್ಕ, ಪೆಟ್ರೋಲ್ ಡೀಸೆಲ್ ಲೆಕ್ಕ

2025ರ ಸೆಪ್ಟೆಂಬರ್ 22ಕ್ಕ ಸಣ್ಣ ಕಾರಿನ ಜಿಎಸ್‌ಟಿ 28 ಇದ್ದದ್ದು 18 ಆತು. ಸಣ್ಣ ಕಾರ್ ಅಂದ್ರ ನಾಕ್ ಮೀಟರ್ ಒಳಗಿಂದು, ಪೆಟ್ರೋಲ್ ಆದ್ರ 1200 ಸಿಸಿ ಒಳಗ, ಡೀಸೆಲ್ ಆದ್ರ 1500 ಒಳಗ. ಹೊಸಾ ಗಾಡಿ ಅಗ್ಗ ಆದ್ರ ಹಳೇದು ಇನ್ನೂ ಅಗ್ಗ ಆಗ್ಬೇಕಲ್ಲ, ಆದ್ರ ನಾವು ನೋಡಾಕ ಹೋದಾಗ ಮಾರೋರ ಬಾಯಾಗಿನ್ನೂ ಹಳೇ ರೇಟೇ ಇತ್ತು. ಹಂಗಾಗಿ ಹಳೇ ಕಾರಿನ ರೇಟ್ ಕೇಳಿದ ಕೂಡ್ಲೆ ಅದರ ಹೊಸಾ ಗಾಡಿ ಇವತ್ತು ಆನ್ ರೋಡ್ ಎಷ್ಟು ಐತಿ ಅಂತ ಶೋರೂಮಿಗೆ ಒಂದ್ ಫೋನ್ ಹಚ್ಚಿ ಕೇಳ್ರಿ, ಆಮ್ಯಾಲೆ ಮಾತಾಡ್ರಿ. ಇನ್ನೊಂದು, ಡೀಲರ್ ಹತ್ರ ತಗೊಂಡ್ರ ಅವನ ಲಾಭದ ಮ್ಯಾಲೆ ಜಿಎಸ್‌ಟಿ ಇರ್ತೈತಿ, ಮನಿಯವರಿಂದ ಸೀದಾ ತಗೊಂಡ್ರ ಅದು ಇಲ್ಲ.

ಇನ್ನ ಎಣ್ಣಿ. ಇವ ತಿಂಗಳಿಗೆ ಓಡಸೋದು ಎಷ್ಟು ಅಂತ ಕೂತು ಲೆಕ್ಕಾ ಹಾಕಿದ್ವಿ. ಗದಗಿನ ಒಳಗ ಕಾಲೇಜಿಗೆ ಹೋಗಿ ಬರೋದು, ತಿಂಗಳಿಗೆ ಮೂರು ಸಲ ಹುಬ್ಬಳ್ಳಿ, ಒಂದ್ ಸಲ ಲಕ್ಷ್ಮೇಶ್ವರ ಕಡೆ ಅತ್ತಿ ಮನಿ, ಎಲ್ಲಾ ಸೇರಿ 700 ಕಿಲೋಮೀಟರ್ ಮುಟ್ಟಿದ್ರ ಮುಟ್ಟಿತು. ಪೆಟ್ರೋಲ್ ಗಾಡಿ ಲೀಟರಿಗೆ 17 ಕಿಲೋಮೀಟರ್ ಕೊಡ್ತೈತಿ ಅನ್ರಿ, 41 ಲೀಟರ್ ಬೇಕು, 103ರಂಗ ಹಿಡದ್ರ 4200 ಚಿಲ್ರೆ. ಡೀಸೆಲ್ 21 ಕೊಡ್ತೈತಿ ಅನ್ರಿ, 33 ಲೀಟರ್, 91ರಂಗ 3000. ತಿಂಗಳಿಗೆ ಉಳಿಯೋದು 1200 ರೂಪಾಯಿ. ಹನ್ನೆರಡು ವರ್ಷದ ಡೀಸೆಲ್ ಗಾಡಿಗೆ ಇಂಜೆಕ್ಟರ್ ಇಲ್ಲಾ ಟರ್ಬೋ ಕೈ ಕೊಟ್ಟಿತು ಅಂದ್ರ ಎರಡು ವರ್ಷ ಉಳಿಸಿದ ರೊಕ್ಕ ಒಂದ ದಿನಕ್ಕ ಗ್ಯಾರೇಜಿನ್ಯಾಗ ಹೋಗಿಬಿಡ್ತೈತಿ. ದಿನಾ ನೂರು ಕಿಲೋಮೀಟರ್ ಹೊಡ್ಯೋ ಮೆಡಿಕಲ್ ರೆಪ್, ಮೆಣಸಿನಕಾಯಿ ಸೀಸನ್ನಿನ್ಯಾಗ ಬ್ಯಾಡಗಿ ಹುಬ್ಬಳ್ಳಿ ಓಡಾಡೋ ವ್ಯಾಪಾರಸ್ತ, ಇವರಿಗೆ ಡೀಸೆಲ್ ಹೊಂದ್ತೈತಿ. ಮನಿ ಗಾಡಿಗೆ ಪೆಟ್ರೋಲ್ ಸಾಕು. ಬಿಎಸ್6 ಅನ್ನೋ ಹೊಗಿ ನಿಯಮದ ಡೀಸೆಲ್ ಅಂದ್ರ 2020ರ ಏಪ್ರಿಲ್ ನಂತರದ್ದು ನೋಡೋವ್ರಿಗೆ ಒಂದ್ ಮಾತು, ಅದರಾಗ ಹೊಗಿ ಸೋಸೋ ಡಿಪಿಎಫ್ ಅಂತ ಇರ್ತೈತಿ, ಊರಾಗ ಎರಡು ಎರಡು ಕಿಲೋಮೀಟರ್ ಓಡಿಸಿ ಬಂದ್ ಮಾಡ್ತಿದ್ರ ಅದು ಕಟ್ಕೊಂತೈತಿ, ಆಗಾಗ ಹೈವೇಕ್ಕ ಒಯ್ದು ಒಂದ ಸ್ಪೀಡಿನ್ಯಾಗ ಓಡಸ್ಬೇಕು.

ಪೆಟ್ರೋಲಿನ್ಯಾಗೂ ಈಗ ಎಥನಾಲ್ 20 ಪರ್ಸೆಂಟ್ ಬರಾಕತ್ತೇತಿ, 2023ರ ಹಿಂದಿನ ಬಹಳಷ್ಟು ಗಾಡಿ ಅದಕ್ಕಂತ ಮಾಡಿದ್ದಲ್ಲ, ಆವರೇಜ್ ಒಂದೀಟು ಬೀಳ್ತೈತಿ, ಹಳೇ ರಬ್ಬರ್ ಪೈಪ್ ಇದ್ರ ಮಿಸ್ತ್ರಿಗೆ ತೋರಸ್ಕೋರಿ. ಸಿಎನ್‌ಜಿ ಹುಬ್ಬಳ್ಳಿ ಧಾರವಾಡದಾಗ ಸಿಗ್ತೈತಿ, ಕಂಪನಿ ಕಿಟ್ ಇದ್ರ ನೋಡ್ರಿ, ಹೊರಗ ಹಾಕ್ಸಿದ್ದು ಇದ್ರ ಆರ್‌ಸಿಯೊಳಗ ಸಿಎನ್‌ಜಿ ಅಂತ ಏರಿಸಿರ್ಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಆಗಿರ್ಬೇಕು, ಡಿಕ್ಕಿ ಮರತುಬಿಡ್ರಿ.

ಗೋಕುಲ ರೋಡಿನ ಸ್ವಿಫ್ಟ್

ಡೀಸೆಲ್ ಬ್ಯಾಡ ಅಂತ ಲೆಕ್ಕಾ ಹೇಳಿದ್ರೂ ಹುಡುಗನ ಮನಸು ಸ್ವಿಫ್ಟ್ ಮ್ಯಾಲೆ. ಕೆಂಪು ಬಣ್ಣ, ಅಲಾಯ್ ವ್ಹೀಲ್, ಒಳಗ ಹೊಸಾ ಸೀಟ್ ಕವರ್, ಪಾಲಿಶ್ ಹೊಡದು ಮದಲಗಿತ್ತಿ ಹಂಗ ನಿಲ್ಲಿಸಿದ್ರು. ಎಂಜಿನ್ 1248 ಸಿಸಿ, ಫಿಯಟ್ ಕಂಪನಿ ಡಿಸೈನಿಂದು, ಆ ಕಾಲಕ್ಕ ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಟಾಟಾ ವಿಸ್ಟಾ ಎಲ್ಲಾದರಾಗೂ ಅದ ಎಂಜಿನ್ ಇತ್ತು, ನ್ಯಾಷನಲ್ ಎಂಜಿನ್ ಅಂತ ಚಾಷ್ಟಿ ಮಾಡ್ತಿದ್ರು. ಮಾರುತಿಯವ್ರು 2020ರಾಗ ಡೀಸೆಲ್ ಬಿಟ್ರೂ ಸಾಮಾನು ಸಿಗ್ತಾವ, ಅದರ ಬಗ್ಗೆ ನನಗ ತಕರಾರಿಲ್ಲ.

ಮೀಟರ್ 78,000 ತೋರಿಸ್ತಿತ್ತು. ನಮ್ಮ ಮಿಸ್ತ್ರಿ ಕಾರವಾರ ರೋಡಿನ ಕಡೆಯಾಂವ, ಮೂವತ್ತು ವರ್ಷದಿಂದ ಗಾಡಿ ಬಿಚ್ಚಾಕತ್ತಾನ, ನೋಡಾಕ ಬರಾಕ 500 ತಗೊಂತಾನ, ಅಷ್ಟ್ ರೊಕ್ಕಕ್ಕ ಇಷ್ಟ್ ಉಪಯೋಗದ ಮನಷ್ಯಾ ನಿಮಗ ಎಲ್ಲೂ ಸಿಗಂಗಿಲ್ಲ. ಅವ ಮೀಟರ್ ನೋಡಲೇ ಇಲ್ಲ. ಡ್ರೈವರ್ ಬಾಗಲಾ ತೆಗದು ಕುಕ್ಕರಗಾಲಿನ್ಯಾಗ ಕೂತು ಕ್ಲಚ್ ಪೆಡಲಿನ ರಬ್ಬರ್ ಮುಟ್ಟಿದ. ಎಡಗಡೆ ಅಂಚು ಪೂರಾ ಸವದು ಒಳಗಿನ ಕಬ್ಬಣ ಮಿಂಚ್ತಿತ್ತು. ಬ್ರೇಕ್ ಪೆಡಲಿಗೆ ಮಾತ್ರ ಹೊಸಾ ರಬ್ಬರ್ ಹಾಕಿದ್ರು, ಕ್ಲಚ್ಚಿಗೆ ಹಾಕೋದು ಮರತಿದ್ರು. ಸ್ಟೇರಿಂಗ್ ಕವರ್ ಒಂಚೂರು ಸರಸಿದ, ಹತ್ತು ಗಂಟಿ ಹತ್ತು ನಿಮಿಷದ ಮುಳ್ಳು ಇರೋ ಜಾಗದಾಗ ಎರಡೂ ಕಡೆ ಸ್ಟೇರಿಂಗ್ ಬೆಣಚಿ ಕಲ್ಲಿನಂಗ ನುಣ್ಣಗಾಗಿತ್ತು. ಅವ ನನ್ನ ಕಡೆ ನೋಡಿ "ಇದು ಮನಿ ಗಾಡಿ ಅಲ್ರಿ, ದುಡದ ಗಾಡಿ" ಅಂದ.

ಮರುದಿನ ಕಂಪನಿ ಸರ್ವಿಸ್ ಸೆಂಟರಿಗೆ ನಂಬರ್ ತಗೊಂಡು ಹೋದ್ವಿ, ಸರ್ವಿಸ್ ಹಿಸ್ಟರಿ ತಗಸಿದ್ವಿ, 2018ರ ಎಂಟ್ರಿಯೊಳಗ 1,12,000 ಅಂತ ಬರದಿತ್ತು. ಆರು ಏಳು ವರ್ಷ ಹಿಂದ ಲಕ್ಷ ದಾಟಿದ್ದು ಇವತ್ತು 78 ಸಾವಿರ. ಡೀಲರಿಗೆ ಕೇಳಿದ್ರ ಮೀಟರ್ ಕೆಟ್ಟಿತ್ತು ಸರ್, ಬ್ಯಾರೆ ಹಾಕಸ್ಯಾರ ಅಂದ. ಇರಬಹುದು. ಆದ್ರ ಅದನ್ನ ನಾವು ಕೇಳೋದಕ್ಕಿಂತ ಮೊದ್ಲ ಹೇಳಬೇಕಿತ್ತು. ಹುಡುಗ ಇನ್ನೂ ಬಣ್ಣ ನೋಡಾಕತ್ತಿದ್ದ, ಕೈ ಹಿಡದು ಎಳಕೊಂಡ್ ಬಂದೆ.

ಡೀಲರ್‌ಗಳೆಲ್ಲಾ ಹಿಂಗ ಅಂತ ನಾ ಹೇಳಂಗಿಲ್ಲ. ಡೀಲರ್ ಹತ್ರ ಆರಿಸಾಕ ಹತ್ತ್ ಗಾಡಿ ಇರ್ತಾವ, ಲೋನ್ ಅವ್ರ ಮಾಡಸ್ತಾರ, ಟ್ರಾನ್ಸ್‌ಫರ್ ಅವ್ರ ನೋಡ್ಕೊಂತಾರ, ಹಳೇ ಗಾಡಿ ಎಕ್ಸ್‌ಚೇಂಜ್ ತಗೊಂತಾರ. ಮಾರುತಿಯವ್ರ ಟ್ರೂ ವ್ಯಾಲ್ಯೂ ಅಂಥ ಕಂಪನಿ ಔಟ್‌ಲೆಟ್ಟಿನ್ಯಾಗ ಕೆಲವು ಗಾಡಿಗೆ ವಾರಂಟಿ ಕೊಡ್ತಾರ, ಅದಕ್ಕ ತಕ್ಕಂಗ ರೇಟೂ ಮ್ಯಾಲೆ ಇರ್ತೈತಿ, ಗಾಡಿ ಬಗ್ಗೆ ಏನೂ ಗೊತ್ತಿಲ್ಲ, ಜೋಡಿಗೆ ಬರೋ ಮಿಸ್ತ್ರಿನೂ ಇಲ್ಲ ಅನ್ನೋವ್ರಿಗೆ ಅದ ಸಸಾರ. ಬ್ಯಾಂಕಿನವ್ರು ಜಪ್ತಿ ಮಾಡಿ ಹರಾಜಿಗೆ ಇಟ್ಟದ್ದು ಎಲ್ಲಾಕ್ಕಿಂತ ಅಗ್ಗ ಸಿಗ್ತೈತಿ, ಆದ್ರ ಇದ್ದಂಗ ತಗೋಬೇಕು, ಓಡಿಸಿ ನೋಡಾಕ ಸೈತ ಕೊಡಂಗಿಲ್ಲ, ಮೊದಲ್ನೇ ಸಲ ತಗೊಳ್ಳೋವ್ರು ಆ ಕಡೆ ಹೋಗಬ್ಯಾಡ್ರಿ. ಮನಿಯವರ ಹತ್ರ ಸೀದಾ ತಗೊಂಡ್ರ ವಾರಂಟಿ ಇಲ್ಲ, ಕಾಗದದ ಓಡಾಟ ನಮ್ಮದ, ಆದ್ರ ಗಾಡಿ ಜೋಡಿ ಅದರ ಕಥಿನೂ ಸಿಗ್ತೈತಿ. ನಾ ಯಾವಾಗ್ಲೂ ಕಥಿಗೆ ರೊಕ್ಕ ಕೊಡಾಂವ.

ಕಡಲ ಕಡೆ ಗಾಡಿ, ಮ್ಯಾಲಿನ ರಾಜ್ಯದ ಗಾಡಿ

ಬೆಟಗೇರಿ ಐ10 ನೋಡಾಕ ಚಲೋನ ಇತ್ತು. 1.1 ಎಂಜಿನ್, ಸ್ಟಾರ್ಟ್ ಮಾಡಿದ್ರ ಶಬ್ದನೇ ಇಲ್ಲ, ಎಸಿ ಥಂಡಿ, ಸ್ಟೇರಿಂಗ್ ಹಗರ. 2.10ಕ್ಕ ಇದು ಬಿಟ್ರ ಹುಚ್ಚರು ಅನ್ನಂಗಿತ್ತು. ದಲಾಲಿ ಡಾಕ್ಟರ್ ಗಾಡಿ ಸರ್ ಅಂದ. ನಮ್ಮ ಕಡೆ ಮಾರಾಕ ಬರೋ ಗಾಡಿ ಎಲ್ಲಾ ಒಂದೋ ಡಾಕ್ಟರ್‌ದು ಇಲ್ಲಾ ಲೇಡಿ ಟೀಚರ್‌ದು, ಖರೆ ಹೇಳ್ಬೇಕಂದ್ರ ಅಷ್ಟು ಡಾಕ್ಟರ್ ಮೂರೂ ಜಿಲ್ಲಾ ಸೇರಿಸಿದ್ರೂ ಇರಂಗಿಲ್ಲ.

ಮಿಸ್ತ್ರಿ ಹಿಂದಿನ ಗಾಲಿ ಹತ್ರ ಅಂಗಾತ ಮಲಗಿದ. ಗಾಡಿ ತಳಾ ಪೂರಾ ಹೊಸಾ ಕರೀ ಕೋಟಿಂಗ್ ಹೊಡದಿದ್ರು, ವಾಸನಿ ಇನ್ನೂ ಬರ್ತಿತ್ತು. ಹದಿಮೂರು ವರ್ಷದ ಗಾಡಿಗೆ ಮಾರೋ ಹಿಂದಿನ ವಾರ ತಳಕ್ಕ ಯಾಕ ಬಣ್ಣ ಹೊಡೀತಾರ್ರಿ? ಅವ ಸ್ಕ್ರೂಡ್ರೈವರ್ ಹಿಂದ್ಮುಂದ ಮಾಡಿ ಹಿಡಿಕಿಯಿಂದ ಬಾಗಲದ ಕೆಳಗಿನ ಪಟ್ಟಿ ಬಡದ. ಮುಂದ ಟಣ್ ಟಣ್ ಅಂತು. ಹಿಂದ ಬಂದಂಗ ಬಂದಂಗ ಶಬ್ದ ದಪ್ಪ ಆತು, ಧಬ್ ಅಂತು. ಅಲ್ಲಿ ಚುಚ್ಚಿದ, ಕೋಟಿಂಗಿನ ಜೋಡಿ ಜಂಗ್ ಹಿಡದ ತಗಡು ಕರದ ಹಪ್ಪಳದಂಗ ಮುರದು ಅವನ ಎದಿ ಮ್ಯಾಲೆ ಬಿತ್ತು. ಬೆರಳು ತೂರುವಷ್ಟು ತೂತು. ದಲಾಲಿ ಸುಮ್ನಾದ, ನಾವೂ ಸುಮ್ನಾದ್ವಿ.

ಕಾರವಾರ, ಕುಮಟಾ, ಭಟ್ಕಳ, ಉಡುಪಿ ಗಾಡಿ ಕೆಟ್ಟವು ಅಂತಲ್ಲ, ಉಪ್ಪು ಗಾಳಿ ಕಬ್ಬಣ ತಿಂತೈತಿ ಅಷ್ಟ, ಎಂಜಿನ್ ಚಲೋ ಇದ್ರೂ ಬಾಡಿ ಹೋಗಿರ್ತೈತಿ, ಎಂಜಿನ್ ರಿಪೇರಿ ಮಾಡಸ್ಬಹುದು, ಕೊಳತ ಬಾಡಿ ರಿಪೇರಿ ಅನ್ನೋದು ಮುಗಿಯೋ ಕೆಲಸ ಅಲ್ಲ. ಶಿರಸಿ, ಯಲ್ಲಾಪುರದ ಕೆಎ 31 ಗಾಡಿಗೆ ಜಂಗಿನ ಹೆದರಿಕಿ ಕಡಿಮಿ, ಆದ್ರ ಘಟ್ಟದಾಗ ಓಡಿರ್ತಾವ, ಕ್ಲಚ್, ಬ್ರೇಕ್, ಗಾಲಿ ಬೇರಿಂಗ್ ನೋಡ್ರಿ. ನಮ್ಮ ಎರೀ ಭೂಮಿ ಕಡೆ ನವಲಗುಂದ, ಅಣ್ಣಿಗೇರಿ, ರೋಣದ ಗಾಡಿಗೆ ಜಂಗ್ ಇರಂಗಿಲ್ಲ, ಧೂಳು ಇರ್ತೈತಿ, ಏರ್ ಫಿಲ್ಟರ್ ಬದಲಿಸದ ಓಡಿಸಿದ್ರ ಎಂಜಿನ್ ಧೂಳು ಕುಡದಿರ್ತೈತಿ, ಹೊಲಕ್ಕ ಒಯ್ದಿದ್ರ ಕೆಳಗಿನ ಬುಷ್ ಎಲ್ಲಾ ಹೋಗಿರ್ತಾವ.

ಇನ್ನೊಂದು ನಮ್ಮ ಕಡೆಯ ವಿಚಾರ. 2019ರ ಆಗಸ್ಟ್ ಮಳಿ ಮರತಿಲ್ಲಲ್ಲ, ಮಲಪ್ರಭಾ ಬಂದು ನರಗುಂದ, ರೋಣದ ಕಡೆ ಹಳ್ಳಿ ಹಳ್ಳಿಗೇ ನೀರು ಹೊಕ್ಕಿತ್ತು, ಬೆಣ್ಣಿಹಳ್ಳ, ತುಪ್ಪರಿಹಳ್ಳ ಯಾವ ವರ್ಷ ಉಕ್ಕಿದ್ರೂ ನವಲಗುಂದದ ಕಡೆ ಅದ ಕಥಿ. ನೀರಾಗ ನಿಂತ ಗಾಡಿ ತೊಳದು ಒಣಗಿಸಿ ಮಾರ್ತಾರ. ಸೀಟು, ಕಾರ್ಪೆಟ್ ಬದಲಿಸ್ಯಾರ ಅಂದ್ರ ಗೊತ್ತಾಗಂಗಿಲ್ಲ, ಸೀಟ್ ಬೆಲ್ಟ್ ಮಾತ್ರ ಯಾರೂ ಬದಲಿಸಂಗಿಲ್ಲ. ಬೆಲ್ಟ್ ಪೂರಾ ಕೊನೀತನ ಎಳೀರಿ, ಅರ್ಧ ಅಲ್ಲ, ಪೂರಾ. ಒಳಗ ಸುತ್ತಿಕೊಂಡ ಭಾಗದಾಗ ಒಂದ್ ಗೆರಿ ಹೊಡದಂಗ ಕೆಸರಿನ ಕಲೆ ಇದ್ರ ಅಲ್ಲಿಂದನ ಎದ್ದ್ ಬರ್ರಿ. ನಾನು ಮೊದಲ್ನೇ ಸಲ ಟೋಪಿ ಹಾಕಿಸ್ಕೊಂಡದ್ದು ಇದರಾಗ, ತಗೊಂಡ ಮೂರು ತಿಂಗಳಿಗೆ ಪವರ್ ವಿಂಡೋ, ಆಮ್ಯಾಲೆ ಮೀಟರ್, ಆಮ್ಯಾಲೆ ಎಂಜಿನ್ ನಡಸೋ ಕಂಪ್ಯೂಟರ್ ಇಸಿಎಂ, ಒಂದೊಂದ ಹೋದ್ವು.

ದಿಲ್ಲಿ ಗಾಡಿ, ಮಹಾರಾಷ್ಟ್ರ ಗಾಡಿ ಬಗ್ಗೆನೂ ಭಾಳ ಮಂದಿ ಕೇಳ್ತಾರ. ದಿಲ್ಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ನಿರ್ಬಂಧದ ಹೆದರಿಕಿ ಐತಿ, ಅದಕ್ಕ ಅಲ್ಲಿ ದೊಡ್ಡ ಗಾಡಿ ಅಗ್ಗ. ಆದ್ರ ಇಲ್ಲಿಗೆ ತಂದ್ರ ಅಲ್ಲಿನ ಆರ್‌ಟಿಒ ಎನ್‌ಒಸಿ ಅಂದ್ರ ತಕರಾರಿಲ್ಲ ಅನ್ನೋ ಪತ್ರ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತ ಕಟ್ಟಬೇಕು, ಹೊಸಾ ನಂಬರ್ ತಗೋಬೇಕು. ಪುಣೆ, ಕೊಲ್ಹಾಪುರ ಗಾಡಿಗೂ ಅದ ಲೆಕ್ಕ. ಕೆಎ 30 ಗಾಡಿ ಗದಗಕ್ಕ ತಂದ್ರ ರಾಜ್ಯ ಒಂದ ಇರೋದ್ರಿಂದ ಟ್ಯಾಕ್ಸ್ ಮತ್ತ ಕಟ್ಟೋದಿಲ್ಲ, ನಂಬರೂ ಅದ ಇರ್ತೈತಿ. ಹೊರ ರಾಜ್ಯದ ಗಾಡಿ 50 ಸಾವಿರ ಅಗ್ಗ ಅಂತ ಕುಣಿಯೋದಕ್ಕಿಂತ ಮೊದ್ಲ ಆ ಟ್ಯಾಕ್ಸ್ ಎಷ್ಟಾಗ್ತೈತಿ ಆರ್‌ಟಿಒದಾಗ ಕೇಳಿ ಕೂಡಸ್ರಿ.

ಸಪ್ತಾಪುರದ ವ್ಯಾಗನ್ ಆರ್

ಮಾಸ್ತರ್ ಮನಿಗೆ ಹೋದಾಗ ಕೀಲಿ ಕೊಡಲಿಲ್ಲ, ಮೊದ್ಲ ಚಾ ಕುಡೀರಿ ಅಂದ್ರು. ಚಾ ಜೋಡಿ ಒಂದ್ ಡೈರಿ ಬಂತು. 2014ರಿಂದ ಹಾಕಿಸಿದ ಒಂದೊಂದು ಸಲದ ಪೆಟ್ರೋಲ್, ದಿನಾಂಕ, ಮೀಟರ್, ಲೀಟರ್, ಎಲ್ಲಾ ನೀಲಿ ಶಾಯಿ, ಗುಂಡಗುಂಡಕ ಅಕ್ಷರ. ಟಾಯರಿಗೆ ಗಾಳಿ ಹಾಕಿಸಿದ್ದು ಸೈತ ಬರದಿದ್ರು. ಮೀಟರ್ 48,000. ಪೆಡಲ್ ರಬ್ಬರಿನ ಗೆರಿ ಇನ್ನೂ ಇದ್ವು. ಕಾಚಿನ ಮೂಲ್ಯಾಗಿನ ಕಂಪನಿ ಗುರ್ತು ಆರೂ ಕಡೆ ಒಂದ, ಬಾನೆಟ್ ಒಳಗಿನ ಬೋಲ್ಟಿನ ಬಣ್ಣ ಎದ್ದಿರಲಿಲ್ಲ, ಅಂದ್ರ ಬಡದ ಗಾಡಿ ಅಲ್ಲ. ಚೇಸಿಸ್ ನಂಬರ್ ಆರ್‌ಸಿಗೆ ತಾಳ ಆತು.

ಹಂಗಂತ ಕಡಿಮಿ ಓಡಿದ ಗಾಡಿ ಎಲ್ಲಾ ಚಲೋ ಅಲ್ಲ, ಇದನ್ನ ಭಾಳ ಮಂದಿ ತಿಳ್ಕೊಳ್ಳಂಗಿಲ್ಲ. ಕೋವಿಡ್ ನಂತರ ಮಾಸ್ತರ್ ವರ್ಷಕ್ಕ ಎರಡು ಸಾವಿರ ಸೈತ ಓಡಿಸಿರಲಿಲ್ಲ. ನಿಂತ ಗಾಡಿಯ ರಬ್ಬರ್ ಬಿರಸಾಗ್ತೈತಿ, ಬ್ರೇಕ್ ಸಿಲಿಂಡರ್ ಹಿಡ್ಕೊಂತೈತಿ, ಇಲಿ ವೈರ್ ಕಡೀತಾವ. ಟಾಯರ್ ಗುಂಡಿ ನೋಡಿದ್ರ ಹೊಸಾದ್ದರಂಗ, ಆದ್ರ ಟಾಯರ್ ಗ್ವಾಡಿ ಮ್ಯಾಲೆ ನಾಕ್ ಅಂಕಿ ಇರ್ತೈತಿ ನೋಡ್ರಿ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ, ಇದಕ್ಕ 1516 ಅಂತ ಇತ್ತು, ಅಂದ್ರ 2016ರ ಹದಿನೈದನೇ ವಾರದ ಟಾಯರ್. ಒಂಬತ್ತು ವರ್ಷದ ಟಾಯರ್ ಹಾಕ್ಕೊಂಡ್ ಬೈಪಾಸಿನ್ಯಾಗ 90 ಹೊಡದ್ರ ಜೀವಕ್ಕ ಎರವು. ನಾಕೂ ಬದಲಿ ಅಂತ ಲೆಕ್ಕಾ ಹಿಡದ್ವಿ.

ಓಡಿಸಿ ನೋಡೋದಕ್ಕ ನಮ್ಮ ಪದ್ಧತಿ ಹಿಂಗ. ಹೋಗೋದಕ್ಕಿಂತ ಮೊದ್ಲ ಫೋನ್ ಮಾಡಿ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ ಅಂತ ಹೇಳ್ತೀವಿ, ಹೋದ ಕೂಡ್ಲೆ ಬಾನೆಟ್ ಮ್ಯಾಲೆ ಕೈ ಇಡ್ತೀವಿ, ಬೆಚ್ಚಗಿದ್ರ ಮೊದ್ಲ ಕಾಸಿ ಇಟ್ಟಾರ ಅಂತ ಅರ್ಥ, ಥಂಡಿ ಸ್ಟಾರ್ಟಿನ್ಯಾಗ ಗಾಡಿ ತನ್ನ ಖರೆ ಬಣ್ಣ ತೋರಸ್ತೈತಿ. ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕತ್ತೇತಿ, ಬೆಚ್ಚಗಾದ ಮ್ಯಾಲೂ ಬಿಳಿ ಹೊಗಿ ಬಂದ್ರ ಕೂಲಂಟ್ ಒಳಗ ಹೊಂಟೇತಿ, ಕರೀ ಹೊಗಿ ಅಂದ್ರ ಪೆಟ್ರೋಲ್ ಇಲ್ಲಾ ಡೀಸೆಲ್ ಹೆಚ್ಚು ಸುಡಾಕತ್ತೇತಿ. ಆಯಿಲ್ ಹಾಕೋ ಮುಚ್ಚಳ ತೆಗದು ಹಿಂಭಾಗದಾಗ ಬೆಣ್ಣಿಯಂಥ ಬಿಳಿ ಪಸೆ ಐತೇನು ನೋಡ್ರಿ, ಇದ್ರ ನೀರು ಆಯಿಲ್ ಕೂಡ್ಯಾವ. ಆಮ್ಯಾಲೆ ಉಣಕಲ್ ಕಡೆ ಬಂದು ನೃಪತುಂಗ ಬೆಟ್ಟದ ಏರು ಸೆಕೆಂಡ್ ಗೇರಿನ್ಯಾಗ ಹತ್ತಿಸಿ, ಕ್ಲಚ್ ಜಾರ್ತೈತೇನು, ಎಂಜಿನ್ ಏದುಸಿರು ಬಿಡ್ತೈತೇನು ನೋಡ್ತೀವಿ, ಇಳಿಯಬೇಕಾದ್ರ ಬ್ರೇಕ್. ಬೈಪಾಸಿನ್ಯಾಗ ಸೀದಾ ಓಡಿಸಿ ಸ್ಟೇರಿಂಗ್ ಒಂದ್ ಕ್ಷಣ ಹಗರ ಹಿಡದ್ರ ಗಾಡಿ ಯಾವ ಕಡೆ ಎಳೀತೈತಿ ಗೊತ್ತಾಗ್ತೈತಿ. ತಗ್ಗು ದಿನ್ನಿ ಹುಡಕಾಕ ಹುಬ್ಬಳ್ಳ್ಯಾಗ ಎಲ್ಲೂ ದೂರ ಹೋಗೋ ಗರಜಿಲ್ಲ, ಮನಿ ಮುಂದನ ಸಿಗ್ತಾವ, ಎಸಿ, ರೇಡಿಯೋ ಬಂದ್ ಮಾಡಿ ಕಿವಿ ಕೊಡ್ರಿ.

ಒಂದ್ ಅನುಮಾನ ಇತ್ತು. ಕಾರಿಗೆಲ್ಲಾ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ದಾಗ, ಡ್ರೈವರ್ ಏರ್‌ಬ್ಯಾಗ್ ಅದ ವರ್ಷ ಜುಲೈದಾಗ. ಅದಕ್ಕಿಂತ ಹಿಂದಿನ ಗಾಡಿಯೊಳಗ ಬರೇ ಮಾಡೆಲ್ ನೋಡಿದ್ರ ಸಾಲದು, ವೇರಿಯಂಟ್ ನೋಡ್ಬೇಕು, ಬಹಳಷ್ಟು ಗಾಡಿಯ ಬೇಸ್ ವೇರಿಯಂಟಿನ್ಯಾಗ ಏನೂ ಇರಂಗಿಲ್ಲ. ಮಾಸ್ತರ್ ಗಾಡಿಗೆ ಪುಣ್ಯಾಕ್ಕ ಆಪ್ಷನ್ ಅಂತ ಕೇಳಿ ಹಾಕಿಸಿದ್ದು ಇತ್ತು, ಸ್ಟೇರಿಂಗ್ ಮ್ಯಾಲೆ ಏರ್‌ಬ್ಯಾಗ್ ಅಂತ ಬರದಿತ್ತು, ಕೀಲಿ ತಿರುವಿದಾಗ ಅದರ ಲೈಟ್ ಹತ್ತಿ ಆರ್ತಿತ್ತು. ಅದು ಹತ್ತಲೇ ಇಲ್ಲಾಂದ್ರೂ ತಪ್ಪು, ಆರಲಿಲ್ಲಾಂದ್ರೂ ತಪ್ಪು. ಮೂರು ಲಕ್ಷದ ಬದಲಿ ನಾಕೂವರಿ ಇದ್ದವ್ರಿಗೆ ನಾ ಸೀದಾ 2019ರ ಜುಲೈ ನಂತರದ ಗಾಡಿ ನೋಡ್ರಿ ಅಂತೀನಿ.

ಚೌಕಾಸಿ ಮಾಡೋ ಮುಂದ ನಾ ಸುಮ್ ಸುಮ್ನ ಕಡಿಮಿ ಮಾಡ್ರಿ ಅನ್ನಲಿಲ್ಲ, ಮಾಸ್ತರ್ ಮುಂದ ಲೆಕ್ಕಾನ ಇಟ್ಟೆ. ನಾಕ್ ಟಾಯರ್ 13 ಸಾವಿರ, ಬ್ಯಾಟರಿ ನಾಕ್ ಸಾವಿರ, ಎಸಿ ಗ್ಯಾಸ್ ಲೀಕ್ ಹುಡಕಸೋದು ಮೂರ್ನಾಕ್ ಸಾವಿರ. ಅವರು ಡೈರಿ ಹಿಂದಿನ ಹಾಳಿ ಮ್ಯಾಲೆ ಕೂಡಿಸಿ, ಸರಿ ಐತಿ ಅಂದ್ರು. 2.62ಕ್ಕ ಮುಗೀತು.

ಕಾಗದಪತ್ರ, ಇಲ್ಲಿ ನನ್ನ ಎರಡನೇ ಟೋಪಿ

ಎರಡನೇ ಸಲ ನಾ ಕೆಟ್ಟದ್ದು ಗಾಡಿಯಿಂದಲ್ಲ, ಕಾಗದದಿಂದ. ಮಾರಿದವ ಲೋನ್ ಮುಗಸೇನಿ ಅಂದಿದ್ದ, ಬ್ಯಾಂಕ್ ಎನ್‌ಒಸಿ ಹದಿನೈದು ದಿನಕ್ಕ ತಂದ್ ಕೊಡ್ತೀನಿ ಅಂದಿದ್ದ, ನಾ ಪೂರಾ ರೊಕ್ಕ ಕೊಟ್ಟು ಏಳು ತಿಂಗಳು ಅವನ ಮನಿ ಮುಂದ ಚಪ್ಪಲಿ ಸವಸಿದೆ. ಆರ್‌ಸಿಯೊಳಗ ಬ್ಯಾಂಕಿನ ಹೆಸರು ಇದ್ರ ಎನ್‌ಒಸಿ ಮತ್ತ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಗಸಾಕ ಬೇಕಾದ ಸಹಿ ಆದ ಫಾರ್ಮ್ 35 ಕೈಯಾಗ ಬರೂತನ ಪೂರಾ ರೊಕ್ಕ ಕೊಡಬ್ಯಾಡ್ರಿ, ಎಷ್ಟ ಗುರ್ತಿನವ ಇರಲಿ. ಫಾರ್ಮ್ 29, ಫಾರ್ಮ್ 30 ಇವು ಹೆಸರು ಬದಲಿಗೆ. ಚಲನ್ ಬಾಕಿ ಐತೇನು ನಂಬರ್ ಹಾಕಿ ನೋಡ್ರಿ, ಇದ್ರ ಮಾರೋರ ಕಡೆಯಿಂದ ಕಟ್ಟಸ್ರಿ.

ಇನ್ಶೂರೆನ್ಸ್ ಹದಿನಾಲ್ಕು ದಿನದಾಗ ನಮ್ಮ ಹೆಸರಿಗೆ ಮಾಡಸ್ಬೇಕು. ಇದರಾಗ ಒಂದ್ ಮಾತು ಏಜೆಂಟ್ ಹೇಳಂಗಿಲ್ಲ, ಕ್ಲೇಮ್ ಮಾಡಿಲ್ಲ ಅಂತ ಸಿಗೋ ನೋ ಕ್ಲೇಮ್ ಬೋನಸ್ ಗಾಡಿಗಲ್ಲ, ಮನಷ್ಯಾಗ ಸೇರಿದ್ದು. ಮಾಸ್ತರ್‌ದು 50 ಪರ್ಸೆಂಟ್ ಇತ್ತು, ಅದು ಅವರ ಜೋಡಿನ ಹೋಗ್ತೈತಿ, ಇವ ಪಾಲಿಸಿ ತನ್ನ ಹೆಸರಿಗೆ ಮಾಡಸ್ಬೇಕಾದ್ರ ಆ ಫರಕ್ ಕಟ್ಟಬೇಕು. ಗಾಡಿ ರೇಟ್ ಜೋಡಿ ಇದನ್ನೂ ಎತ್ತಿಟ್ಕೋರಿ.

ಮಾರೋರಿಗೂ ಒಂದ್ ಹೆದರಿಕಿ ಇರಬೇಕು, ಹೆಸರು ಬದಲಾಗೂತನ ಆಕ್ಸಿಡೆಂಟ್ ಆದ್ರ ಕೋರ್ಟ್ ಹಿಡಿಯೋದು ಆರ್‌ಸಿಯೊಳಗ ಹೆಸರು ಇದ್ದವ್ರನ್ನ. ಅದಕ್ಕ ಗಾಡಿ ಕೈಗೆ ಕೊಡೋ ಮುಂದ ಒಂದ್ ಡೆಲಿವರಿ ಚೀಟಿ ಬರ್ಕೊಂತೀವಿ, ದಿನಾಂಕ, ಮೀಟರ್, ಮತ್ತ ಟೈಮು ಗಂಟಿ ನಿಮಿಷ ಸೈತ, ಇಬ್ಬರ ಸಹಿ.

ಐತವಾರ ಸಂಜೀಕ ಹೋಗಿದ್ವಿ. ರೊಕ್ಕ ಕೊಟ್ಟು, ಸಹಿ ಆಗಿ, ಚೀಟಿ ಎಲ್ಲಾ ಬರದ ಆಗಿತ್ತು, ಟೈಮಿನ ಜಾಗ ಒಂದ್ ಖಾಲಿ. ಮಾಸ್ತರ್ ಪೆನ್ನಿನ ಟೊಪ್ಪಗಿ ತೆಗದು ಹಿಡ್ಕೊಂಡು ಕೂತ್ರು. ಐತವಾರ ನಾಕೂವರಿಯಿಂದ ಆರರತನ ರಾಹುಕಾಲ, ಅದು ಮುಗೀಲಿ ಅಂದ್ರು. ಹುಡುಗಗ ಎಲ್ಲಿ ನಿಲ್ಲಸ್ತೀಪಾ, ನೆಳ್ಳು ಐತೇನು ಅಂತ ಕೇಳಿದ್ರು, ಐತ್ರಿ ಸರ್, ಬೇವಿನ ಗಿಡ ಐತಿ ಅಂದ, ಬೇವಿನ ಗಿಡದ ಕೆಳಗ ಬ್ಯಾಡ, ಹಕ್ಕಿ ಹೊಲಸು ಮಾಡ್ತಾವ, ಬಣ್ಣ ಹೋಗ್ತೈತಿ ಅಂದ್ರು. ಗ್ವಾಡಿ ಗಡಿಯಾರದಾಗ ಆರು ಬಡೀತು. ನಾ ಬರೀರಿ ಸರ್ ಅಂದೆ. ಅದು ಐದ್ ನಿಮಿಷ ಮುಂದ ಐತಿ ತಡೀರಿ ಅಂತ ತಮ್ಮ ಕೈ ಗಡಿಯಾರ ನೋಡ್ಕೊಂತ ಕೂತ್ರು, ನಾವೂ ಕೂತ್ವಿ, ಒಳಗಿಂದ ಇನ್ನೊಂದ್ ಸಲ ಚಾ ಬಂತು.